ಗಟ್ಟಿಯಾಗಿ ಓದುವಾಗ ತೊಡರುವ ಪದಗಳು: ತಪ್ಪು ನಾಲಿಗೆಯದೋ, ಕಣ್ಣಿನದೋ?

ಪ್ರಶ್ನೆ: ದೃಷ್ಟಿಯಿಲ್ಲದ ವಿದ್ಯಾರ್ಥಿಗಳಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಕೆಲಸ ಹಿಡಿದಿದ್ದೇನೆ. ಮಾತಾಡುವಾಗ ನನಗೆ ಯಾವ ತೊಂದರೆಯೂ ಇಲ್ಲ. ಓದಲು ಕೂತರೆ ಮಾತ್ರ ‘ಶುಶ್ರೂಷೆ’, ‘ಪ್ರಶಂಸೆ’, ‘ಸ್ವಾತಂತ್ರ್ಯ’, ‘ಮಧ್ಯಾಹ್ನ’ ಬಂದಲ್ಲೆಲ್ಲ ತೊಡರುತ್ತೇನೆ. ‘ಅಳವಡಿಸಿಕೊಳ್ಳಬೇಕಾಗಿರುವುದರಿಂದ’ ಎಂಬಂಥ ಪದಗಳಲ್ಲಿ ಅರ್ಧಕ್ಕೇ ದಾರಿ ತಪ್ಪುತ್ತದೆ. ಇಸವಿ, ಅಂಕಿಗಳು ಬಂದರೆ ತಡವರಿಸುತ್ತೇನೆ. ನಮ್ಮ ಮನೆಮಾತಿನಲ್ಲಿ ಹಕಾರ ಕಡಿಮೆ. ಆ ಭಯಕ್ಕೆ ಇಲ್ಲದ ಕಡೆಯೂ ಹಕಾರ ಬಂದುಬಿಡುತ್ತದೆ. ನಿನ್ನ ನಾಲಿಗೆ ದಪ್ಪ, ಪೆನ್ಸಿಲ್ ಕಚ್ಚಿಕೊಂಡು ಓದು, ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಓದು ಎಂದೆಲ್ಲ ಹೇಳುತ್ತಾರೆ. ಅದರಿಂದ ಉಪಯೋಗವಿದೆಯೇ? ಕಷ್ಟದ ಪದದ ಬದಲು ಸುಲಭದ ಪದ ಓದಿದರೆ ತಪ್ಪೇ? ಓದುತ್ತ ತಪ್ಪಿದಾಗ ಎಲ್ಲಿಂದ ಮತ್ತೆ ಶುರು ಮಾಡಬೇಕು?

ಉತ್ತರ: ಮಾತಾಡುವಾಗ ತೊಂದರೆಯಿಲ್ಲ ಎಂದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಅದು. ‘ಮಧ್ಯಾಹ್ನ ಬರ್ತೀನಿ’ ಎಂದು ದಿನವೂ ಸಲೀಸಾಗಿ ಹೇಳುವ ನಾಲಿಗೆ ಪುಟದ ಮೇಲೆ ಅದೇ ಪದ ಕಂಡಾಗ ತೊಡರಿದರೆ, ತಪ್ಪನ್ನು ನಾಲಿಗೆಯ ಮೇಲೆ ಹೊರಿಸುವಂತಿಲ್ಲ. ಗಟ್ಟಿಯಾಗಿ ಓದುವುದರಲ್ಲಿ ಕಣ್ಣು, ಉಸಿರು, ನಾಲಿಗೆ ಮೂರೂ ಸೇರಿ ಕೆಲಸ ಮಾಡುತ್ತವೆ. ತೊಡರುಗಳಲ್ಲಿ ಹೆಚ್ಚಿನವು ಮೊದಲಿನ ಎರಡಕ್ಕೆ ಸೇರಿದವು. ನಾಲಿಗೆಯದೇ ಆದ ತೊಡರುಗಳೂ ಇವೆ, ಆದರೆ ಅವುಗಳಲ್ಲೂ ಒಂದೊಂದಕ್ಕೆ ಒಂದೊಂದು ಕಾರಣ. ಕಾರಣ ಗುರುತಿಸದೆ ಬರೀ ಉರುಹೊಡೆದರೆ ಎಷ್ಟು ದಿನ ಕಳೆದರೂ ಅದೇ ಪದದ ಅದೇ ಜಾಗದಲ್ಲಿ ನಿಲ್ಲುತ್ತೀರಿ.

ಆದ್ದರಿಂದ ಮೊದಲು ಒಂದು ಪರೀಕ್ಷೆ. ನಿಮ್ಮನ್ನು ಕಾಡುವ ಹತ್ತು ಪದ ಬರೆದುಕೊಳ್ಳಿ. ಒಂದೊಂದನ್ನೂ ಮೂರು ಸುತ್ತು ನೋಡಿ. ಮೊದಲ ಸುತ್ತಿನಲ್ಲಿ ಪುಟ ನೋಡಬೇಡಿ. ಮತ್ತೊಬ್ಬರು ಹೇಳಿದ್ದನ್ನು ಕೇಳಿ ಐದು ಸಲ ಹೇಳಿ. ಎರಡನೆಯ ಸುತ್ತಿನಲ್ಲಿ ಆ ಪದವೊಂದನ್ನೇ ಚೀಟಿಯಲ್ಲಿ ದೊಡ್ಡದಾಗಿ ಬರೆದು ಓದಿ. ಮೂರನೆಯ ಸುತ್ತಿನಲ್ಲಿ ಪುಸ್ತಕದ ವಾಕ್ಯದಲ್ಲಿಟ್ಟು ಓದಿ. ಕೇಳಿ ಹೇಳುವಾಗಲೇ ತಪ್ಪಿದರೆ ಅದು ನಾಲಿಗೆಯ ಚಲನೆಗೆ ಸಂಬಂಧಿಸಿದ್ದು. ಕೇಳಿ ಹೇಳಿದ್ದು ಸರಿ, ಚೀಟಿ ಓದಿದ್ದು ತಪ್ಪು ಎಂದಾದರೆ ಕಣ್ಣು ಅಕ್ಷರ ಬಿಡಿಸಿಕೊಳ್ಳುತ್ತಿಲ್ಲ. ಎರಡೂ ಸರಿಯಿದ್ದು ವಾಕ್ಯದಲ್ಲಿ ಮಾತ್ರ ಕೆಟ್ಟರೆ ಉಸಿರು, ವೇಗ ಅಥವಾ ನೆರೆಯ ಪದ ಕಾರಣ. ನಿಮ್ಮ ಪತ್ರ ನೋಡಿದರೆ ‘ಶುಶ್ರೂಷೆ’, ‘ಪ್ರಶಂಸೆ’ ಮೊದಲ ಗುಂಪಿಗೆ, ‘ಸ್ವಾತಂತ್ರ್ಯ’ ಮತ್ತು ಅಂಕಿಗಳು ಎರಡನೆಯದಕ್ಕೆ, ಉದ್ದದ ಕ್ರಿಯಾಪದ ಮೂರನೆಯದಕ್ಕೆ ಸೇರುವ ಹಾಗೆ ಕಾಣುತ್ತದೆ.

ಇನ್ನು ದಪ್ಪ ನಾಲಿಗೆಯ ಮಾತು. ಮಾತು ಸ್ಪಷ್ಟವಾಗಿರುವವರಿಗೆ ನಾಲಿಗೆಯ ಗಾತ್ರ ಓದಿಗೆ ಅಡ್ಡ ಬರುವುದಿಲ್ಲ. ನಾಲಿಗೆಯ ಕೆಳಗಿನ ಪೊರೆ ಗಿಡ್ಡವಾಗಿದ್ದರೆ ರ, ಲ, ಳ ಕೆಡಬಹುದು ನಿಜ, ಆದರೆ ಅದು ಮಾತಿನಲ್ಲೂ ಕೆಡುತ್ತದೆ, ಚಿಕ್ಕಂದಿನಿಂದಲೂ ಕೆಟ್ಟಿರುತ್ತದೆ. ಬೆಣಚುಕಲ್ಲಿನ ಉಪಾಯ ಬಹಳ ಹಳೆಯದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ವಾಗ್ಮಿ ಡೆಮಾಸ್ಥೆನಿಸ್ ಬಾಯಲ್ಲಿ ಕಲ್ಲಿಟ್ಟುಕೊಂಡು ಭಾಷಣ ಅಭ್ಯಾಸ ಮಾಡಿದ ಎಂದು ಪ್ಲುಟಾರ್ಕ್ ಬರೆದದ್ದು ಇಂದಿಗೂ ಉಪದೇಶವಾಗಿ ಓಡಾಡುತ್ತಿದೆ. ದಯವಿಟ್ಟು ಮಾಡಬೇಡಿ. ಕಲ್ಲು ಗಂಟಲಿಗೆ ಜಾರುವ ಅಪಾಯ ಒಂದು. ಇನ್ನೊಂದು, ಅಡ್ಡಿಯಿರುವ ಬಾಯಲ್ಲಿ ನಾಲಿಗೆ ಕಲಿಯುವ ಜಾಗ ಬೇರೆ, ಅಡ್ಡಿಯಿಲ್ಲದ ಬಾಯಲ್ಲಿ ಅದು ಮುಟ್ಟಬೇಕಾದ ಜಾಗ ಬೇರೆ. ಪೆನ್ಸಿಲ್ ಕಚ್ಚಿ ಓದುವುದರದ್ದೂ ಇದೇ ಕಥೆ. ಪೆನ್ಸಿಲ್ ತೆಗೆದ ಕೂಡಲೇ ಬಾಯಿ ಹಗುರಾಯಿತು ಅನಿಸುತ್ತದೆ, ಕೆಲವು ನಿಮಿಷದಲ್ಲಿ ಮೊದಲಿನಂತೆಯೇ ಆಗುತ್ತದೆ. ಬಿಗಿಯಾಗಿ ಕಚ್ಚುವವರಿಗೆ ದವಡೆ ನೋವು ಉಳಿಯುತ್ತದೆ.

‘ಕಪ್ಪು ಕುಂಕುಮ ಕೆಂಪು ಕುಂಕುಮ’, ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ ಮೇಯುತಿತ್ತು’ ಎಂದು ನಾಲಿಗೆ ಹೊರಳಿಸುವ ಸಾಲುಗಳಿಂದ ಅಪಾಯವಿಲ್ಲ, ಆದರೆ ಅವುಗಳ ಉಪಯೋಗಕ್ಕೆ ಮಿತಿಯಿದೆ. ಅವು ತೊಡರುವುದೇಕೆಂದು ನೋಡಿದರೆ ಓದಿನ ಬಗ್ಗೆ ಒಂದು ಸಂಗತಿ ತಿಳಿಯುತ್ತದೆ. ಕಪ್ಪು, ಕೆಂಪು ಎರಡೂ ಕಕಾರದಿಂದ ಶುರುವಾಗಿ ‘ಪು’ವಿನಲ್ಲಿ ಮುಗಿಯುತ್ತವೆ, ನಡುವೆ ಮಾತ್ರ ವ್ಯತ್ಯಾಸ. ಹೀಗೆ ಚೌಕಟ್ಟು ಒಂದೇ ಆಗಿ ಒಳಗಿನ ಧ್ವನಿ ಮಾತ್ರ ಬದಲಾಗುವ ಪದಗಳು ಹತ್ತಿರ ಹತ್ತಿರ ಬಂದರೆ, ಮುಂದಿನದಕ್ಕೆ ಸಿದ್ಧವಾಗುತ್ತಿರುವ ಧ್ವನಿ ಹಿಂದಿನದರೊಳಗೆ ನುಗ್ಗುತ್ತದೆ. ಗದ್ಯದಲ್ಲೂ ‘ಒಲೆ ಹೊತ್ತಿತ್ತು, ನೀರು ಬತ್ತಿತ್ತು’ ಎಂದು ಬಂದರೆ ಎಂಥ ಪಳಗಿದ ಓದುಗರೂ ನಿಧಾನಿಸಬೇಕು. ಇಂಥ ಸಾಲುಗಳನ್ನು ಓದಿಗೆ ಮುಂಚೆ ಎರಡು ನಿಮಿಷ, ನಿಧಾನವಾಗಿ, ಬಾಯಿ ಸಡಿಲಿಸಲು ಹೇಳಿಕೊಳ್ಳಿ. ಅವುಗಳಲ್ಲಿ ವೇಗ ಸಾಧಿಸಿದರೆ ಆ ಸಾಲುಗಳಷ್ಟೇ ವೇಗವಾಗಿ ಬರುತ್ತವೆ, ‘ಶುಶ್ರೂಷೆ’ ಇದ್ದಲ್ಲೇ ಇರುತ್ತದೆ.

ಕಣ್ಣಿನ ಕಡೆ ಬರೋಣ. ಗಟ್ಟಿಯಾಗಿ ಓದುವಾಗ ಕಣ್ಣು ದನಿಗಿಂತ ಒಂದೆರಡು ಪದ ಮುಂದಿರುತ್ತದೆ. ಆ ಅಂತರ ಇರುವ ತನಕ ಓದು ಹರಿಯುತ್ತದೆ. ಕಣ್ಣು ಒಂದು ಕಡೆ ಸಿಕ್ಕಿಬಿದ್ದರೆ ದನಿ ಹೋಗಿ ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ಕನ್ನಡ ಬರಹದಲ್ಲಿ ಕಣ್ಣು ಸಿಕ್ಕಿಬೀಳುವ ಜಾಗಗಳು ಗೊತ್ತಿರುವಂಥವೇ. ನುಡಿದಂತೆ ಬರೆಯುತ್ತೇವೆ ಎಂಬ ಮಾತು ಒಟ್ಟಾರೆ ನಿಜವಾದರೂ, ಒತ್ತಕ್ಷರಗಳಲ್ಲಿ ಕಾಣುವ ಕ್ರಮ ಒಂದು, ನುಡಿಯುವ ಕ್ರಮ ಇನ್ನೊಂದು. ‘ಲಕ್ಷ್ಮಿ’ ಎಂಬ ಪದವನ್ನು ಹತ್ತಿರದಿಂದ ನೋಡಿ. ಗುಡಿಸು ಕೂತಿರುವುದು ಕಕಾರದ ತಲೆಯ ಮೇಲೆ. ಕಣ್ಣಿಗೆ ಮೊದಲು ಸಿಗುವುದು ‘ಕಿ’. ಕೆಳಗೆ ಷಕಾರ, ಮಕಾರಗಳ ಒತ್ತು ಆಮೇಲೆ. ನಾಲಿಗೆ ನುಡಿಯಬೇಕಾದ್ದು ಕ್, ಷ್, ಮ್, ಕಟ್ಟಕಡೆಗೆ ಇಕಾರ. ‘ಸ್ತ್ರೀ’ಯಲ್ಲೂ ಹಾಗೇ. ಅರ್ಕಾವೊತ್ತು ಇದಕ್ಕಿಂತ ಹೆಚ್ಚು ಕಾಡುತ್ತದೆ: ‘ಕೀರ್ತಿ’ಯಲ್ಲಿ ಕಣ್ಣು ‘ತಿ’ಯನ್ನು ದಾಟಿದ ಮೇಲೆ ರೇಫ, ಅಂದರೆ ರಕಾರ, ಕಾಣುತ್ತದೆ, ನುಡಿಯಬೇಕಾದದ್ದು ‘ತಿ’ಗಿಂತ ಮೊದಲು. ‘ಮಾರ್ಗದರ್ಶನ’, ‘ದುರ್ವರ್ತನೆ’ಯಂಥ ಪದಗಳಲ್ಲಿ ಇಂಥ ಹಿಂದುಮುಂದು ಎರಡೆರಡು ಸಲ. ‘ಧಾರ್ಷ್ಟ್ಯ’ದಲ್ಲಿ ಟಕಾರ, ಯಕಾರದ ಒತ್ತುಗಳೆಲ್ಲ ಮುಗಿದ ಮೇಲೆ ಅರ್ಕಾವೊತ್ತು. ಪರಿಚಯದ ಪದವಾದರೆ ಕಣ್ಣು ಇಡೀ ಆಕಾರವನ್ನೇ ಗುರುತಿಸಿ ದಾಟುತ್ತದೆ, ಅಪರೂಪದ ಪದವಾದರೆ ಬಿಡಿಸಲು ನಿಲ್ಲುತ್ತದೆ.

ಇದಕ್ಕೆ ಅಭ್ಯಾಸಕ್ಕಿಂತ ಮುದ್ರಣದ ಬದಲಾವಣೆಯೇ ಬೇಗ ಫಲ ಕೊಡುತ್ತದೆ. ಪುಸ್ತಕದಿಂದ ನೇರ ಓದುವ ಬದಲು ಆ ಭಾಗವನ್ನು 16ರಿಂದ 18 ಪಾಯಿಂಟ್ ಗಾತ್ರದ ಅಕ್ಷರದಲ್ಲಿ ಮುದ್ರಿಸಿಕೊಳ್ಳಿ. ಸಾಲುಗಳ ನಡುವೆ ಒಂದೂವರೆ ಪಟ್ಟಾದರೂ ಜಾಗ ಇರಲಿ. ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತಿದ್ದರೆ ಎರಡೂ ಓದಲಾಗುವುದಿಲ್ಲ. ಸಾಲಿನ ಕೊನೆಯಲ್ಲಿ ಪದ ಮುರಿಯದಂತೆ ನೋಡಿಕೊಳ್ಳಿ: ‘ಅವನ’ ಎಂದು ಸಾಲು ಮುಗಿದು ಕೆಳಗೆ ‘ತಿಗೆ’ ಎಂದಿದ್ದರೆ, ಅದು ‘ಅವನತಿಗೆ’ ಎಂದು ಗೊತ್ತಾಗುವ ಹೊತ್ತಿಗೆ ದನಿ ‘ಅವನ’ ಎಂದು ಇಳಿದಿರುತ್ತದೆ. ಹಾಳೆಯ ಕೊನೆಯಲ್ಲೂ ವಾಕ್ಯ ಮುರಿಯದಿರಲಿ. ಹತ್ತಿರದ ಓದಿಗೆ ಕನ್ನಡಕ ಬೇಕಾಗಿರುವವರು ಅದಿಲ್ಲದೆ ಓದಿ ನಾಲಿಗೆಯನ್ನು ಬೈದುಕೊಳ್ಳುವುದು ಬಹಳ ಸಾಮಾನ್ಯ. ಒಮ್ಮೆ ಕಣ್ಣು ತೋರಿಸಿಕೊಳ್ಳಿ.

ಒತ್ತಕ್ಷರವನ್ನು ನುಡಿಯುವ ಬಗೆಗೆ ನಮ್ಮ ಛಂದಸ್ಸಿನಲ್ಲೇ ಒಂದು ಸೂತ್ರವಿದೆ: ಒತ್ತಕ್ಷರದ ಹಿಂದಿನ ಅಕ್ಷರ ಗುರು. ಶಾಲೆಯಲ್ಲಿ ಪ್ರಸ್ತಾರ ಹಾಕಲು ಕಲಿತ ಈ ನಿಯಮ ಗಟ್ಟಿ ಓದಿಗೆ ನೇರವಾಗಿ ಒದಗುತ್ತದೆ. ಹಿಂದಿನ ಅಕ್ಷರ ಗುರುವಾಗುವುದು ಏಕೆಂದರೆ ಗುಂಪಿನ ಮೊದಲ ವ್ಯಂಜನ ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಬರಹದಲ್ಲಿ ಲ–ಕ್ಷ್ಮಿ ಎಂದು ಕಂಡರೂ ಬಾಯಲ್ಲಿ ಅದು ಲಕ್–ಷ್ಮಿ. ತೊಡರುವವರು ಹೆಚ್ಚಾಗಿ ಹಿಂದಿನ ಅಕ್ಷರವನ್ನು ಹಗುರವಾಗಿ ಹಾರಿಸಿ, ಮೂರು ವ್ಯಂಜನಗಳನ್ನೂ ಒಂದೇ ಏಟಿಗೆ ಎತ್ತಲು ಹೋಗುತ್ತಾರೆ. ಭಾರವನ್ನು ಹಿಂದಕ್ಕೆ ಹಾಕಿ, ಉಳಿದದ್ದು ತಾನಾಗಿ ಬರುತ್ತದೆ: ರಾಷ್–ಟ್ರ, ತೀಕ್–ಷ್ಣ, ಜ್ಯೋತ್–ಸ್ನಾ, ವೈಶಿಷ್–ಟ್ಯ, ಧಾರ್ಷ್–ಟ್ಯ. ನಿಮ್ಮ ‘ಸ್ವಾತಂತ್ರ್ಯ’ ಬಾಯಲ್ಲಿ ಸ್ವಾ–ತನ್–ತ್ರ್ಯ. ‘ತನ್’ ಎಂಬಲ್ಲಿ ಒಂದಿಷ್ಟು ನಿಂತರೆ ‘ತ್ರ್ಯ’ಕ್ಕೆ ಸಮಯ ಸಿಗುತ್ತದೆ. ಅಲ್ಲಿ ಅವಸರ ಮಾಡುವುದರಿಂದಲೇ ಕಡೆಯ ಯಕಾರ ಬಿದ್ದು ‘ಸ್ವಾತಂತ್ರ’ ಆಗುವುದು. ‘ತ್ರ್ಯ’ದ ನಡುವೆ ಎಳ್ಳಷ್ಟು ಇಕಾರ ಸುಳಿದರೆ ಗಾಬರಿ ಬೇಡ, ಕೇಳುವವರಿಗೆ ಅದು ತಿಳಿಯುವುದಿಲ್ಲ.

ಒತ್ತು ಬಿಡಿಸಿ ನುಡಿಯುವುದು ಕನ್ನಡಕ್ಕೆ ಹೊಸದೇನಲ್ಲ. ವರ್ಷ ವರುಷವಾಗಿ, ಲಕ್ಷ್ಮಿ ಲಕುಮಿಯಾಗಿ, ಮುಗ್ಧ ಮುಗುದವಾಗಿ ಬಂದಿರುವುದು ಇದೇ ದಾರಿಯಲ್ಲಿ. ಹಾಗಾಗಿ ನಿಮ್ಮ ನಾಲಿಗೆ ಹಾಗೆ ಎಳೆದರೆ ಅದು ಭಾಷೆಯ ಸ್ವಭಾವವನ್ನೇ ಅನುಸರಿಸುತ್ತಿದೆ. ಆದರೆ ಪುಟದಲ್ಲಿ ‘ವರ್ಷ’ ಎಂದಿದ್ದರೆ ‘ವರ್ಷ’ ಎಂದೇ ಓದಬೇಕು, ‘ವರುಷ’ ಎಂದಿದ್ದರೆ ಅದನ್ನೇ. ಪದ್ಯದಲ್ಲಂತೂ ಇದು ಕಡ್ಡಾಯ. ಒಂದು ಸ್ವರ ಹೆಚ್ಚಾದರೆ, ಮಾತ್ರೆಯ ಲೆಕ್ಕ ಅಷ್ಟೇ ಉಳಿದರೂ, ಒಂದು ಗುರು ಎರಡು ಲಘುವಾಗಿ ಒಡೆದು ಸಾಲಿನ ನಡೆ ಕೆಡುತ್ತದೆ, ಕವಿ ಬೇಕೆಂದೇ ‘ಹರುಷ’ ಎಂದಿಟ್ಟಲ್ಲಿ ‘ಹರ್ಷ’ ಎಂದರೂ ಕೆಡುತ್ತದೆ.

ಮಧ್ಯಾಹ್ನ, ಚಿಹ್ನೆ, ಬ್ರಹ್ಮ, ಆಹ್ಲಾದ, ಜಿಹ್ವೆ: ಇವುಗಳ ಕಷ್ಟ ಬೇರೆ. ಹಕಾರವೆಂದರೆ ಬಾಯಿ ತೆರೆದು ಬಿಡುವ ಬರಿಯ ಉಸಿರು. ಅದರ ಬೆನ್ನಿಗೇ ನಕಾರ ಅಥವಾ ಮಕಾರ ಬಂದರೆ ಬಾಯಿಯನ್ನು ಮುಚ್ಚಿ ಉಸಿರನ್ನು ಮೂಗಿಗೆ ತಿರುಗಿಸಬೇಕು. ಈ ತಿರುವು ಇಕ್ಕಟ್ಟಿನದು. ಆದ್ದರಿಂದಲೇ ಬಾಯಿ ಮೊದಲೇ ಮುಚ್ಚಿ ‘ಮಧ್ಯಾನ್ಹ’, ‘ಚಿನ್ಹೆ’, ‘ಬ್ರಮ್ಹ’ ಎಂದು ಅಕ್ಷರ ಅದಲುಬದಲಾಗುತ್ತದೆ. ಬರೆಯುವಾಗ ಇದು ತಪ್ಪು. ಓದುವಾಗ? ಒಳ್ಳೆಯ ಓದುಗರಲ್ಲೂ ಬಹಳ ಮಂದಿ ಹೀಗೇ ನುಡಿಯುತ್ತಾರೆ, ಕೇಳುವವರಿಗೆ ಅರ್ಥ ಕೆಡುವುದಿಲ್ಲ. ಬರಹದಂತೆಯೇ ನುಡಿಯಬೇಕೆಂದಿದ್ದರೆ ಹಕಾರವನ್ನು ಹಿಂದಿನ ಸ್ವರದ ಬಾಲದಂತೆ ಬಿಡಿ: ಮಧ್ಯಾಹ್–ನ, ಚಿಹ್–ನೆ. ಒತ್ತಿ ನುಡಿಯಲು ಹೋದರೆ ‘ಮಧ್ಯಾಹನ’ ಆಗುತ್ತದೆ, ಅದು ಎರಡಕ್ಕಿಂತಲೂ ಕೆಟ್ಟದ್ದು. ಯಾವುದನ್ನು ಆರಿಸಿದರೂ ಪುಸ್ತಕದುದ್ದಕ್ಕೂ ಒಂದೇ ಇರಲಿ. ಜ್ಞಕಾರಕ್ಕೂ ಇದೇ ಮಾತು: ‘ವಿಜ್ಞಾನ’ವನ್ನು ನಾವೆಲ್ಲ ಗಕಾರದ ಛಾಯೆಯಲ್ಲೇ ನುಡಿಯುತ್ತೇವೆ, ಓದಿಗೆ ಕೂತಾಗ ಮಾತ್ರ ಜಕಾರ ತರಲು ಹೆಣಗುವುದು ಬೇಡ.

ವಿಸರ್ಗದ ಬಗ್ಗೆ ನೀವು ಕೇಳಿಲ್ಲವಾದರೂ ಮುಂದೆ ಕಾಡುತ್ತದೆ, ಹೇಳಿಬಿಡುತ್ತೇನೆ. ಪದದ ಕೊನೆಯಲ್ಲಿ ಬಂದರೆ ಹಿಂದಿನ ಸ್ವರದ ಮರುದನಿ: ಪುನಃ ಎಂದರೆ ‘ಪುನಹ’. ನಡುವೆ ಕಕಾರ, ಪಕಾರಗಳ ಮುಂದೆ ಬಂದರೆ ಪೂರ್ತಿ ಹಕಾರ ಹಾಕಬೇಡಿ. ‘ಅಂತಃಕರಣ’ ಬಾಯಲ್ಲಿ ಹೆಚ್ಚುಕಡಿಮೆ ‘ಅಂತಕ್ಕರಣ’, ‘ಅಂತಃಪುರ’ ಹೆಚ್ಚುಕಡಿಮೆ ‘ಅಂತಪ್ಪುರ’. ಈ ಎರಡು ಬಗೆಗೆ ಜಿಹ್ವಾಮೂಲೀಯ, ಉಪಧ್ಮಾನೀಯ ಎಂದು ಹಳಗನ್ನಡ ಬರಹದಲ್ಲಿ ಬೇರೆ ಗುರುತುಗಳೇ ಇದ್ದವು.

ಈಗ ನಿಜಕ್ಕೂ ನಾಲಿಗೆಯದೇ ಆದ ಕಷ್ಟ: ‘ಶುಶ್ರೂಷೆ’, ‘ಪ್ರಶಂಸೆ’, ‘ಶಾಸನಸಭೆ’, ‘ಸಂಶಯಾಸ್ಪದ’, ‘ಶಸ್ತ್ರಚಿಕಿತ್ಸೆ’. ಸಕಾರಕ್ಕೆ ನಾಲಿಗೆಯ ತುದಿ ಹಲ್ಲಿನ ಹಿಂದೆ. ಶಕಾರಕ್ಕೆ ನಾಲಿಗೆಯ ಅಲಗು ಒಂದಿಷ್ಟು ಹಿಂದೆ ಸರಿದು ಅಂಗುಳದತ್ತ ಏಳುತ್ತದೆ. ನಡುವಿನ ಅಂತರ ಕೂದಲೆಳೆಯಷ್ಟು. ಇವೆರಡೂ ಒಂದೇ ಪದದಲ್ಲಿ ಬಂದಾಗ ನಾಲಿಗೆ ಎರಡು ಸಲ ಜಾಗ ಬದಲಿಸುವ ಬದಲು ಒಂದೇ ಜಾಗದಲ್ಲಿ ಕೆಲಸ ಮುಗಿಸಿಬಿಡುತ್ತದೆ. ಅದರಿಂದಲೇ ‘ಪ್ರಶಂಶೆ’, ‘ಶಾಶನ’ ಕೇಳಿಬರುವುದು. ಮೊದಲಿಗೆ ಹೊರೆ ಇಳಿಸಿಕೊಳ್ಳಿ. ಶಕಾರ, ಷಕಾರಗಳ ವ್ಯತ್ಯಾಸ ಇಂದಿನ ಆಡುಮಾತಿನಲ್ಲಿ ಬಹುಪಾಲು ಅಳಿಸಿದೆ. ಷ್ಟ, ಷ್ಠ, ಷ್ಣ ಬಂದಲ್ಲಿ ನಾಲಿಗೆ ತಾನಾಗಿಯೇ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಉಳಿದೆಡೆ ಆ ವ್ಯತ್ಯಾಸಕ್ಕಾಗಿ ಹೆಣಗುವ ಶಕ್ತಿಯನ್ನೆಲ್ಲ ಶಕಾರ–ಸಕಾರಗಳ ವ್ಯತ್ಯಾಸಕ್ಕೆ ಕೊಡಿ, ಕೇಳುಗರ ಕಿವಿಗೆ ಬೀಳುವುದು ಅದೇ.

‘ಪ್ರಶಂಸೆ’ಯಲ್ಲಿ ನಿಮ್ಮನ್ನು ಕಾಯುವುದು ಸೊನ್ನೆ. ಪ್ರ–ಶಮ್–ಸೆ ಎಂದು ಸೊನ್ನೆಯಲ್ಲಿ ತುಟಿಯನ್ನು ಪೂರ್ತಿ ಮುಚ್ಚಿ. ತುಟಿ ಕೆಲಸ ಮಾಡುವ ಆ ಕ್ಷಣದಲ್ಲಿ ನಾಲಿಗೆ ಬಿಡುವಾಗಿರುತ್ತದೆ, ಶಕಾರದ ಜಾಗ ಬಿಟ್ಟು ಸಕಾರದ ಜಾಗಕ್ಕೆ ಬರಲು ಅಷ್ಟು ಹೊತ್ತು ಸಾಕು. ತುಟಿ ಮುಚ್ಚದೆ ಮೂಗಿನಲ್ಲೇ ಗುನುಗಿ ದಾಟಿದರೆ ನಾಲಿಗೆ ಕದಲುವುದೇ ಇಲ್ಲ. ‘ಸಂಶೋಧನೆ’, ‘ಸಂಶಯ’ಗಳಿಗೂ ಇದೇ ಉಪಾಯ. ‘ಶುಶ್ರೂಷೆ’ಯಲ್ಲಿ ಕಷ್ಟ ಕೊಡುವುದು ನಡುವಿನ ರೇಫ. ಶುಶ್–ರೂ–ಷೆ ಎಂದು ಮುರಿದು, ‘ರೂ’ವಿನ ದೀರ್ಘವನ್ನು ಪೂರ್ತಿ ಎಳೆಯಿರಿ. ಅಲ್ಲಿ ಅವಸರಿಸಿದರೆ ‘ಶುಶ್ರುಶೆ’ ಆಗಿ, ಮುಂದಿನ ಪದವನ್ನೂ ಕೆಡಿಸುತ್ತದೆ.

ಮಹಾಪ್ರಾಣದ ಬಗ್ಗೆ ಎರಡೇ ಮಾತು. ಬುದ್ಧಿ, ಅಭಿವೃದ್ಧಿ, ಶುದ್ಧ ಇವುಗಳಲ್ಲಿ ಮೊದಲಿನದು ಅಲ್ಪಪ್ರಾಣ, ಉಸಿರು ಹೋಗಬೇಕಾದದ್ದು ಎರಡನೆಯದಕ್ಕೆ ಮಾತ್ರ. ಎರಡಕ್ಕೂ ಕೊಡಲು ಹೋದರೆ ಪದವೂ ಒಡೆಯುತ್ತದೆ, ಉಸಿರೂ ಮುಗಿಯುತ್ತದೆ. ಹಾಗೆಯೇ ‘ಫಲ’, ‘ಫಲಿತಾಂಶ’ಗಳಲ್ಲಿರುವುದು ತುಟಿ ಕೂಡಿಸಿ ಬಿಡುವ ಪಕಾರದ ಮಹಾಪ್ರಾಣ, ‘ಫ್ಯಾನ್’ ಎನ್ನುವಾಗಿನ ಹಾಗೆ ಹಲ್ಲನ್ನು ತುಟಿಗೆ ತಾಗಿಸಬಾರದು.

ಹಕಾರದ ವಿಷಯ ನೀವು ಸಂಕೋಚದಿಂದ ಬರೆದಿದ್ದೀರಿ. ಸಂಕೋಚ ಬೇಡ. ಪದದ ಮೊದಲ ಹಕಾರ ಬಿಡುವುದು ಹಲವು ಮನೆಮಾತುಗಳ ಕ್ರಮ, ಅದೊಂದು ದೋಷವಲ್ಲ. ತೊಂದರೆ ಬರುವುದು ಪುಸ್ತಕದ ಕನ್ನಡ ಓದುವಾಗ, ಅದೂ ಭಯದಿಂದ. ಆಡು–ಹಾಡು, ಆಳು–ಹಾಳು, ಉಳಿ–ಹುಳಿ, ಎತ್ತು–ಹೆತ್ತು, ಒತ್ತು–ಹೊತ್ತು: ಎಲ್ಲವೂ ಬೇರೆ ಬೇರೆ ಪದಗಳು. ‘ಆದರದಿಂದ ಬರಮಾಡಿಕೊಂಡರು’ ಎಂಬಲ್ಲಿ ಹಕಾರ ಸೇರಿದರೆ ಅರ್ಥ ಎಲ್ಲಿಗೋ ಹೋಗುತ್ತದೆ. ಹಾಗಾಗಿ ಇಲ್ಲದ ಹಕಾರ ಸೇರಿಸುವುದು ಇರುವ ಹಕಾರ ಬಿಡುವುದಕ್ಕಿಂತ ಹೆಚ್ಚು ಅಪಾಯದ್ದು. ಬಿಟ್ಟದ್ದನ್ನು ಕೇಳುವವರು ಸಂದರ್ಭದಿಂದ ತುಂಬಿಕೊಳ್ಳುತ್ತಾರೆ, ಸೇರಿಸಿದ್ದು ಕಿವಿಗೆ ಚುಚ್ಚುತ್ತದೆ. ಹಾಳೆಯಲ್ಲಿ ಹಕಾರದಿಂದ ಶುರುವಾಗುವ ಪದಗಳ ಮೇಲೆ ಮಾತ್ರ ಪೆನ್ಸಿಲಿನಿಂದ ಚುಕ್ಕಿ ಇಡಿ. ಚುಕ್ಕಿಯಿದ್ದಲ್ಲಿ ಉಸಿರು, ಇಲ್ಲದಲ್ಲಿ ಬರಿಯ ಸ್ವರ. ಊಹೆಗೆ ಅವಕಾಶವೇ ಇರಬಾರದು. ತುಟಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿದು ‘ಆಡು, ಹಾಡು’ ಎಂದು ನೋಡಿ: ಎರಡನೆಯದಕ್ಕೆ ಪಟ್ಟಿ ಮೆಲ್ಲಗೆ ಅಲುಗಿದರೆ ಸಾಕು, ಹಾರಬೇಕಾಗಿಲ್ಲ. ಬಲವಂತದ ಹಕಾರ ವಾಕ್ಯದ ಉಸಿರನ್ನೆಲ್ಲ ಮೊದಲ ಪದಕ್ಕೇ ಖರ್ಚು ಮಾಡಿಬಿಡುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಓದಲು ಕಷ್ಟವಾದದ್ದೆಲ್ಲ ಸಂಸ್ಕೃತ ಪದ ಎಂಬ ಭಾವನೆ ಸರಿಯಲ್ಲ. ಅಚ್ಚಗನ್ನಡದ ಕ್ರಿಯಾಪದಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದಾಗ ಅಷ್ಟೇ ಕಷ್ಟ. ‘ಹೇಳಿಕೊಳ್ಳಲಾಗಲಿಲ್ಲ’, ‘ತಾಳಿಕೊಳ್ಳಲಾರಳು’, ‘ಒಳಗೊಳ್ಳಲೊಲ್ಲಳು’: ಳಕಾರಕ್ಕೆ ನಾಲಿಗೆ ಹಿಂದೆ ಮಡಚಬೇಕು, ಲಕಾರಕ್ಕೆ ಹಲ್ಲಿನ ಹತ್ತಿರ ಬರಬೇಕು, ಮತ್ತೆ ಮಡಚಬೇಕು. ಇಲ್ಲಿ ‘ಳ್ಳ’ದ ಮೇಲೆ ಅರೆಗಳಿಗೆ ಹೆಚ್ಚು ನಿಂತರೆ ಲಕಾರಕ್ಕೆ ನಾಲಿಗೆ ತಲುಪುತ್ತದೆ.

ನಿಮ್ಮ ‘ಅಳವಡಿಸಿಕೊಳ್ಳಬೇಕಾಗಿರುವುದರಿಂದ’ 15 ಅಕ್ಷರದ ಪದ. ಇದನ್ನು ಮೊದಲಿನಿಂದ ಅಭ್ಯಾಸ ಮಾಡಿದರೆ ‘ಅಳವಡಿಸಿ’ ಎಂಬುದನ್ನು ಇಪ್ಪತ್ತು ಸಲ ಹೇಳಿರುತ್ತೀರಿ, ‘ರುವುದರಿಂದ’ ಎಂಬುದನ್ನು ಎರಡು ಸಲ. ಎಡವುವುದು ಹಿಂಬದಿಯಲ್ಲಿ, ಗಟ್ಟಿಯಾಗುವುದು ಮುಂಬದಿ. ತಿರುಗಿಸಿ, ಬಾಲದಿಂದ ಕಟ್ಟುತ್ತ ಬನ್ನಿ: ಇರುವುದರಿಂದ, ಆಗಿರುವುದರಿಂದ, ಬೇಕಾಗಿರುವುದರಿಂದ, ಕೊಳ್ಳಬೇಕಾಗಿರುವುದರಿಂದ, ಅಳವಡಿಸಿಕೊಳ್ಳಬೇಕಾಗಿರುವುದರಿಂದ. ಪ್ರತಿ ಸಲವೂ ಗೊತ್ತಿಲ್ಲದ್ದರಿಂದ ಹೊರಟು ಗೊತ್ತಿರುವ ಕಡೆಗೆ ಹೋಗುತ್ತೀರಿ, ಆದ್ದರಿಂದ ವೇಗ ತಾನಾಗಿ ಬರುತ್ತದೆ. ವಾಕ್ಯದಲ್ಲಿ ಓದುವಾಗ ‘ಅಳವಡಿಸಿಕೊಳ್ಳ’ ಆದ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಗೆರೆ ಎಳೆದುಕೊಳ್ಳಿ. ಅಲ್ಲಿ ಉಸಿರು ತೆಗೆದುಕೊಳ್ಳುವುದಲ್ಲ, ‘ಬೇಕಾಗಿ’ಯ ಬಕಾರವನ್ನು ಹೊಸದಾಗಿ ಎತ್ತಿಕೊಳ್ಳುವುದು. ‘ಕಿಂಕರ್ತವ್ಯವಿಮೂಢ’, ‘ಪ್ರತ್ಯುತ್ಪನ್ನಮತಿ’ಯಂಥ ಸಮಾಸಗಳಿಗೂ ಇದೇ ಕ್ರಮ, ಆದರೆ ಗೆರೆ ಬೀಳಬೇಕಾದದ್ದು ಅರ್ಥ ಒಡೆಯುವಲ್ಲಿ: ಕಿಂ–ಕರ್ತವ್ಯ–ವಿಮೂಢ, ಪ್ರತ್ಯುತ್ಪನ್ನ–ಮತಿ. ಅರ್ಥ ತಿಳಿಯದ ಪದಕ್ಕೆ ಗೆರೆ ಎಳೆಯುವ ಮುಂಚೆ ನಿಘಂಟು ತೆರೆಯಿರಿ. ಅರ್ಥ ತಿಳಿಯದೆ ಓದಿದ ಪದ ಸರಿಯಾಗಿ ನುಡಿದರೂ ಟೊಳ್ಳಾಗಿ ಕೇಳುತ್ತದೆ.

ಕನ್ನಡ ವಾಕ್ಯದ ಇನ್ನೊಂದು ಗುಣ ಓದುವವರ ಉಸಿರನ್ನು ಪರೀಕ್ಷಿಸುತ್ತದೆ. ಕ್ರಿಯಾಪದ ಕೊನೆಗೆ ಬರುತ್ತದೆ, ಹೌದೋ ಅಲ್ಲವೋ ಎಂಬುದು ಅದರ ಬಾಲದಲ್ಲಿರುತ್ತದೆ. ‘ಹೊಸ ನಿಯಮಗಳನ್ನು ಎಲ್ಲ ಘಟಕಗಳೂ ಕೂಡಲೇ ಜಾರಿಗೆ ತರಬೇಕೆಂದು ಸಮಿತಿಯು ಕಳೆದ ಸಭೆಯಲ್ಲಿ ಒಮ್ಮತದಿಂದ ತೀರ್ಮಾನಿಸಿರಲಿಲ್ಲ’ ಎಂಬ ವಾಕ್ಯವನ್ನು ಮೊದಲ ಸಲ ಓದುವವರು ‘ತೀರ್ಮಾನಿಸಿತು’ ಎಂಬ ಧಾಟಿಯಲ್ಲಿ ಬಂದು, ಕೊನೆಯಲ್ಲಿ ‘ಇಲ್ಲ’ ಕಂಡು ಮುಗ್ಗರಿಸುತ್ತಾರೆ. ಅಷ್ಟು ಹೊತ್ತಿಗೆ ಉಸಿರೂ ಮುಗಿದು, ಮುಖ್ಯವಾದ ‘ಇಲ್ಲ’ವೇ ಕೇಳಿಸುವುದಿಲ್ಲ. ಆದ್ದರಿಂದ ಮೊದಲು ಮೌನವಾಗಿ ಓದಿ ಪ್ರತಿ ಉದ್ದದ ವಾಕ್ಯದ ಕ್ರಿಯಾಪದಕ್ಕೆ ಅಡಿಗೆರೆ ಹಾಕಿ. ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಎರಡು ಗೆರೆ: ಈ ವಾಕ್ಯದಲ್ಲಿ ಅದು ‘ತರಬೇಕೆಂದು’ ಆದ ಮೇಲೆ. ಅಲ್ಪವಿರಾಮ ಇರುವಲ್ಲೆಲ್ಲ ಉಸಿರು ತೆಗೆದುಕೊಳ್ಳುವುದು ಬೇಕಿಲ್ಲ, ಇಲ್ಲದಲ್ಲಿ ತೆಗೆದುಕೊಳ್ಳಬಾರದೆಂದೂ ಇಲ್ಲ.

ಅಂಕಿಗಳಿಗೆ ಅಭ್ಯಾಸ ಬೇಕಾಗಿಲ್ಲ, ಬರೆದುಕೊಂಡರೆ ಸಾಕು. ಕನ್ನಡದಲ್ಲಿ ವಿಭಕ್ತಿ ಅಂಕಿಗೆ ಅಂಟಿಕೊಳ್ಳುವುದರಿಂದ ‘1999ರಲ್ಲಿ’ ಎಂಬುದನ್ನು ಕಂಡಾಗ ಕಣ್ಣು ನಾಲ್ಕು ಅಂಕಿಯನ್ನು ಪದವಾಗಿಸಿ, ಅದಕ್ಕೆ ಪ್ರತ್ಯಯ ಸೇರಿಸಿ, ‘ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲಿ’ ಎಂದು ಕಟ್ಟಬೇಕು. ಓದುತ್ತ ಓದುತ್ತ ಇದನ್ನು ಮಾಡಲು ಸಮಯವಿಲ್ಲ. ಪ್ರತಿಯೊಂದು ಅಂಕಿಯ ಮೇಲೂ ಅದನ್ನು ಓದಬೇಕಾದ ರೂಪದಲ್ಲೇ ಬರೆಯಿರಿ. ದಶಮಾಂಶದ ನಂತರದ ಅಂಕಿಗಳನ್ನು ಬಿಡಿಬಿಡಿಯಾಗಿ: 2.35 ಎಂದರೆ ‘ಎರಡು ಪಾಯಿಂಟ್ ಮೂರು ಐದು’. ‘12–15’ ಎಂಬಲ್ಲಿ ಗೆರೆ ‘ಹನ್ನೆರಡರಿಂದ ಹದಿನೈದು’ ಎಂದಾಗಬೇಕು. ಎಪ್ಪತ್ತು, ಎಂಬತ್ತು, ತೊಂಬತ್ತು ಕೇಳುವ ಕಿವಿಗೆ ಹತ್ತಿರ ಹತ್ತಿರ. ‘ಪ್ಪ’, ‘ಂಬ’, ಮೊದಲ ‘ತೊ’ ಮೂರನ್ನೂ ಸ್ಪಷ್ಟಪಡಿಸಿ. ಡಾ., ಕ್ರಿ.ಶ., ರೂ. ಇಂಥ ಸಂಕ್ಷಿಪ್ತಗಳನ್ನೂ ಬಿಡಿಸಿ ಬರೆದುಕೊಳ್ಳಿ. ಹೊರಭಾಷೆಯ ಹೆಸರುಗಳಿಗೆ ಒಂದು ಪುಸ್ತಕವಿಟ್ಟು, ಮೊದಲ ಸಲ ಹೇಗೆ ನುಡಿದಿರೋ ಹಾಗೆ ಕನ್ನಡದಲ್ಲಿ ಬರೆದಿಟ್ಟರೆ ಹತ್ತನೆಯ ಅಧ್ಯಾಯದಲ್ಲಿ ಹೆಸರು ಬದಲಾಗುವುದಿಲ್ಲ.

ಮೈಕಿನ ಮುಂದೆ ಪ, ಬ, ಭ ‘ಧಪ್’ ಎನ್ನುತ್ತಿದ್ದರೆ, ಸಕಾರ ಸೀಟಿ ಹೊಡೆಯುತ್ತಿದ್ದರೆ ಅದು ಉಚ್ಚಾರದ ತಪ್ಪಲ್ಲ. ಮೈಕನ್ನು ಬಾಯಿಂದ 15ರಿಂದ 20 ಸೆಂಟಿಮೀಟರ್ ದೂರ, ನೇರ ಎದುರಿಗಲ್ಲದೆ ಒಂದು ಬದಿಗೆ ಓರೆಯಾಗಿ ಇಡಿ. ಬಾಯಿ ಒಣಗಿದರೆ ಚಿಟಿಚಿಟಿ ಸದ್ದು ಬರುತ್ತದೆ. ಆಗಾಗ ಒಂದು ಗುಟುಕು ನೀರು ಸಾಕು.

ಅಭ್ಯಾಸದಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ: ಎಡವುವ ವೇಗದಲ್ಲೇ ಮತ್ತೆ ಮತ್ತೆ ಹೇಳುವುದು. ಹತ್ತು ಸಲ ಎಡವಿದರೆ ಎಡವುವುದನ್ನೇ ಹತ್ತು ಸಲ ಕಲಿತಂತೆ. ತಪ್ಪೇ ಬರದಷ್ಟು ನಿಧಾನಕ್ಕೆ ಇಳಿಯಿರಿ, ಮೂರು ಸಲ ಶುದ್ಧವಾಗಿ ಬಂದ ಮೇಲೆ ಸ್ವಲ್ಪ ವೇಗ ಹೆಚ್ಚಿಸಿ, ತಪ್ಪಿದರೆ ಮತ್ತೆ ಇಳಿಯಿರಿ. ಆಮೇಲೆ ಆ ಪದವನ್ನು ಒಂಟಿಯಾಗಿ ಬಿಡದೆ ಹಿಂದಿನ ಎರಡು, ಮುಂದಿನ ಎರಡು ಪದದ ಜೊತೆಗೆ ಹೇಳಿ. ಕಣ್ಣು ದೂರದಿಂದಲೇ ಕಷ್ಟದ ಪದ ಕಂಡು ಅವಸರಪಟ್ಟಾಗ ಎಡವುವುದು ಅದರ ಹಿಂದಿನ ಸುಲಭದ ಪದದಲ್ಲಿ. ಕಷ್ಟದ್ದನ್ನು ದಾಟಿದ ಸಮಾಧಾನದಲ್ಲಿ ಎಡವುವುದು ಅದರ ಮುಂದಿನದರಲ್ಲಿ. ದಿನಕ್ಕೆ ಹದಿನೈದು ನಿಮಿಷ ಸಾಕು. ದಣಿದ ಬಾಯಲ್ಲಿ ಅಭ್ಯಾಸ ಬೇಡ.

ಎಚ್ಚರಿಕೆಯ ಮಾತೂ ಇದೆ. ಒಂದೇ ಧ್ವನಿ ಮಾತಿನಲ್ಲೂ ಓದಿನಲ್ಲೂ ಯಾವಾಗಲೂ ಕೆಡುತ್ತಿದ್ದರೆ, ಉಗ್ಗು ಇದ್ದರೆ, ಅಥವಾ ಎಷ್ಟು ದೊಡ್ಡ ಅಕ್ಷರವಿದ್ದರೂ ಅಕ್ಷರಗಳು ಅದಲುಬದಲಾಗಿ ಕಂಡರೆ ವಾಕ್ ಚಿಕಿತ್ಸಕರನ್ನು ನೋಡಿ. ಅದು ಮನೆಯ ಅಭ್ಯಾಸಕ್ಕೆ ಬಗ್ಗುವಂಥದ್ದಲ್ಲ. ಸರಿಯಾಗಿದ್ದ ಮಾತು ಇದ್ದಕ್ಕಿದ್ದಂತೆ ತೊದಲಲು ಶುರುವಾದರೆ ಅಭ್ಯಾಸದ ಮಾತೇ ಇಲ್ಲ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಿಮ್ಮ ಪತ್ರದಲ್ಲಿ ಇಂಥ ಯಾವ ಲಕ್ಷಣವೂ ಇಲ್ಲ.

ಪದ ಬದಲಿಸುವ ಬಗ್ಗೆ ಕೇಳಿದ್ದೀರಿ. ಬರಹ ನಿಮ್ಮದೇ ಆಗಿದ್ದರೆ, ಭಾಷಣ, ನಿರೂಪಣೆ, ಪ್ರಕಟಣೆ ಏನೇ ಇರಲಿ, ಧಾರಾಳವಾಗಿ ಬದಲಿಸಿ. ‘ಶುಶ್ರೂಷೆ’ ‘ಆರೈಕೆ’ ಆಗಲಿ, ಉದ್ದದ ವಾಕ್ಯ ಎರಡಾಗಲಿ. ಬೇರೆಯವರ ಪುಸ್ತಕ ಓದುವಾಗ ಒಂದು ಪದವನ್ನೂ ಬದಲಿಸಬೇಡಿ. ನಿಮ್ಮ ಕೇಳುಗರಿಗೆ ಪುಟವನ್ನು ತಾಳೆ ನೋಡುವ ಅವಕಾಶವಿಲ್ಲ, ನಿಮ್ಮ ದನಿಯೇ ಅವರಿಗೆ ಪುಸ್ತಕ. ಪರೀಕ್ಷೆಗೆ ಓದುವ ವಿದ್ಯಾರ್ಥಿಗೆ ಪಠ್ಯದ ಪದವೇ ಬೇಕು, ಕಥೆ ಕೇಳುವವರಿಗೆ ಲೇಖಕರ ಪದವೇ ಸಲ್ಲಬೇಕು. ಅಚ್ಚಿನ ತಪ್ಪು ಸ್ಪಷ್ಟವಾಗಿದ್ದರೆ ಸರಿಪಡಿಸಿ ಓದಿ, ಸಂದೇಹವಿದ್ದರೆ ಇದ್ದಂತೆಯೇ.

ಧ್ವನಿಮುದ್ರಿಸುವಾಗ ತಪ್ಪಿದರೆ ತಪ್ಪಿದ ಪದದಿಂದ ಮತ್ತೆ ಶುರು ಮಾಡಬೇಡಿ. ಆ ಪದವೊಂದನ್ನೇ ಹೇಳಿದಾಗ ದನಿಯ ಏರಿಳಿತ ಹಿಂದಿನದಕ್ಕೆ ಹೊಂದುವುದಿಲ್ಲ, ಕತ್ತರಿಸಿ ಜೋಡಿಸಿದ ಗುರುತು ಕಿವಿಗೆ ಬೀಳುತ್ತದೆ. ನಿಲ್ಲಿ, ಎರಡು ಸೆಕೆಂಡು ಸುಮ್ಮನಿರಿ, ಒಮ್ಮೆ ಚಪ್ಪಾಳೆ ತಟ್ಟಿ. ಆಮೇಲೆ ಧ್ವನಿಯನ್ನು ಕತ್ತರಿಸಿ ಜೋಡಿಸುವಾಗ ತೆರೆಯ ಮೇಲೆ ಆ ಸದ್ದಿನ ಗುರುತು ಎದ್ದು ಕಾಣುತ್ತದೆ. ಆಮೇಲೆ ವಾಕ್ಯದ ಮೊದಲಿನಿಂದ ಓದಿ. ವಾಕ್ಯ ಬಹಳ ಉದ್ದವಿದ್ದರೆ ನೀವು ಎರಡು ಗೆರೆ ಎಳೆದ ಉಸಿರಿನ ಜಾಗದಿಂದ ಓದಬಹುದು. ಜನರೆದುರು ನೇರವಾಗಿ ಓದುವಾಗ ಕ್ರಮ ಬೇರೆ: ಅರ್ಥ ಕೆಡದ ತೊಡರಾದರೆ ಮುಂದೆ ಹೋಗಿಬಿಡಿ, ಕ್ಷಮೆ ಕೇಳಬೇಕಾಗಿಲ್ಲ. ಅಂಕಿ, ಹೆಸರು, ‘ಇಲ್ಲ’ ಎಂಬ ಬಾಲ, ಅರ್ಥ ಬದಲಿಸುವ ಹಕಾರ, ಈ ನಾಲ್ಕರಲ್ಲಿ ತಪ್ಪಿದ್ದರೆ ಮಾತ್ರ ಹಿಂದಿನ ಎರಡು ಮೂರು ಪದ ಸೇರಿಸಿ, ಅದೇ ದನಿಯಲ್ಲಿ ಇನ್ನೊಮ್ಮೆ ಓದಿ.